ಹಲಾಲ್ ಹೂಡಿಕೆ: ರಾಶಿಯೊಳಗೆ ಕೈ ಹಾಕಿ ನೋಡೋಣ

(ಜುಮಾ ಖುತ್ಬಾದ ಸಾರಾಂಶ)

ಅಲ್ಲಾಹನಿಗೆ ಸರ್ವಸ್ತುತಿ. ಅವನ ಅಂತಿಮ ಪ್ರವಾದಿ ಮುಹಮ್ಮದ್(ಸ)ರ ಮೇಲೆ, ಅವರ ಕುಟುಂಬದವರ ಮತ್ತು ಸಹಾಬಿಗಳ ಮೇಲೆ ಅಲ್ಲಾಹನ ಕೃಪೆ ಮತ್ತು ಶಾಂತಿ ಇರಲಿ.

ಮಾನ್ಯ ಸಹೋದರರೇ, ಮೊದಲು ನಮಗೆ ನಾವೇ, ಆ ಬಳಿಕ ತಮಗೆಲ್ಲರಿಗೂ ತಕ್ವಾದ ಉಪದೇಶ ಮಾಡುತ್ತೇವೆ. ನಾವು ನಮಾಝ್‌ನಲ್ಲಿ ಅಲ್ಲಾಹನಿಗೆ ಭಯಪಡುವಂತೆಯೇ ನಮ್ಮ ಜೇಬಿನ ವಿಷಯದಲ್ಲೂ ಭಯಪಡಬೇಕು. ನಾಳೆ ಪರಲೋಕದಲ್ಲಿ ಆಯುಷ್ಯದ ಬಗ್ಗೆ ಒಂದು ಪ್ರಶ್ನೆ ಇರುತ್ತದೆ, ಜ್ಞಾನದ ಬಗ್ಗೆ ಒಂದು ಪ್ರಶ್ನೆ ಇರುತ್ತದೆ; ಆದರೆ ಸಂಪತ್ತಿನ ಬಗ್ಗೆ ಎರಡು ಪ್ರಶ್ನೆ ಎಂದು ಪ್ರವಾದಿ(ಸ) ಕಲಿಸಿದ್ದಾರೆ. ಎಲ್ಲಿಂದ ಗಳಿಸಿದೆ? ಎಲ್ಲಿ ಖರ್ಚು ಮಾಡಿದೆ?

ಈಗೀಗ ನಮ್ಮ ಯುವಕರು ಒಂದು ಹೊಸ ಪ್ರಶ್ನೆ ಕೇಳುತ್ತಿದ್ದಾರೆ. ಅವರ ಮೊಬೈಲಿಗೆ ಸಂದೇಶ ಬರುತ್ತದೆ. ವಿದೇಶದಲ್ಲಿ ಒಂದು ಕಂಪನಿ ಇದೆ, ಅದು ಲೇಸರ್ ಬೆಳಕಿನಿಂದ ಬ್ಯಾಕ್ಟೀರಿಯಾವನ್ನು ಕೆಲವೇ ನಿಮಿಷಗಳಲ್ಲಿ ಪತ್ತೆ ಹಚ್ಚುವ ಯಂತ್ರ ತಯಾರಿಸುತ್ತಿದೆ, ಶೇರಿನ ಬೆಲೆ ಈಗ ಕೆಲವೇ ಸೆಂಟ್‌ಗಳು, ಆರು ತಿಂಗಳಲ್ಲಿ ಹತ್ತು ಪಟ್ಟಾಗುತ್ತದೆ ಎಂದು ಅದರಲ್ಲಿರುತ್ತದೆ. ಮದ್ಯ ಅಲ್ಲ, ಬಡ್ಡಿ ಬ್ಯಾಂಕ್ ಅಲ್ಲ, ರೋಗಿಗಳ ಸೇವೆ. ಆದ್ದರಿಂದ ಹಲಾಲ್, ಮೇಲಾಗಿ ಸವಾಬು ಎಂಬ ಮಾತೂ ಸೇರಿರುತ್ತದೆ. ಗಲ್ಫ್‌ನಲ್ಲಿ ದುಡಿಯುವ ನಮ್ಮ ಸಹೋದರರಿಗೂ ಇಂಥ ಸಂದೇಶ ಬರುತ್ತದೆ, ಊರಿನಲ್ಲಿ ಅಂಗಡಿ ನಡೆಸುವವರಿಗೂ ಬರುತ್ತದೆ. ಇದರಲ್ಲಿ ಹಣ ಹಾಕಬಹುದೇ ಎಂಬುದು ಅವರ ಪ್ರಶ್ನೆ. ಇದಕ್ಕೆ ಹೌದು ಅಥವಾ ಇಲ್ಲ ಎಂದು ಒಂದೇ ಮಾತಿನಲ್ಲಿ ಹೇಳಿದರೆ ಅನ್ಯಾಯವಾಗುತ್ತದೆ. ಆದ್ದರಿಂದ ಇಂದು ಸ್ವಲ್ಪ ವಿವರವಾಗಿ ನೋಡೋಣ.

ಕೆಲಸ ಒಳ್ಳೆಯದೇ

ಮೊದಲನೆಯದಾಗಿ, ಈ ಕೆಲಸ ಒಳ್ಳೆಯದು. ಒಂದು ಜೀವ ಉಳಿಸಿದವನು ಇಡೀ ಮನುಕುಲವನ್ನು ಉಳಿಸಿದವನಿಗೆ ಸಮಾನ ಎಂಬ ಅರ್ಥದ ಬೋಧನೆ ಸೂರಃ ಅಲ್ ಮಾಇದಾದಲ್ಲಿದೆ. ಅಲ್ಲಾಹನು ಇಳಿಸಿದ ಪ್ರತಿ ರೋಗಕ್ಕೂ ಅವನೇ ಔಷಧ ಇಟ್ಟಿದ್ದಾನೆಂದು ಪ್ರವಾದಿ(ಸ) ತಿಳಿಸಿದ್ದಾರೆ. ಔಷಧ ಕೊಡಬೇಕಾದರೆ ರೋಗ ಯಾವುದೆಂದು ಗೊತ್ತಾಗಬೇಕು.

ಜ್ವರದಿಂದ ನರಳುವ ಮಗುವನ್ನು ನಾವು ಆಸ್ಪತ್ರೆಗೆ ಒಯ್ಯುತ್ತೇವೆ. ವೈದ್ಯರು ರಕ್ತ ತೆಗೆದು ಕಲ್ಚರ್‌ಗೆ ಕಳುಹಿಸುತ್ತಾರೆ. ರಕ್ತದಲ್ಲಿರುವ ಬ್ಯಾಕ್ಟೀರಿಯಾ ಬೆಳೆಯಲು ಒಂದೆರಡು ದಿನ ಬೇಕು. ಅದರ ಜಾತಿ ಗುರುತಿಸಲು, ಯಾವ ಔಷಧಕ್ಕೆ ಅದು ಬಗ್ಗುತ್ತದೆಂದು ತಿಳಿಯಲು ಮತ್ತಷ್ಟು ಸಮಯ ಬೇಕು. ಕ್ಷಯರೋಗದ ಕಲ್ಚರ್‌ಗಂತೂ ಆರರಿಂದ ಎಂಟು ವಾರ ಕಾಯಬೇಕಾಗಬಹುದು. ಅಲ್ಲಿಯವರೆಗೆ ವೈದ್ಯರು ಅನುಭವದ ಅಂದಾಜಿನಿಂದ ಔಷಧ ಕೊಡಬೇಕಾಗುತ್ತದೆ. ಅಂದಾಜು ತಪ್ಪಿದರೆ ಮಗುವಿಗೆ ಅಪಾಯ. ಬೇಡದ ಆ್ಯಂಟಿಬಯಾಟಿಕ್ ಕೊಟ್ಟಷ್ಟೂ ಬ್ಯಾಕ್ಟೀರಿಯಾ ಔಷಧಕ್ಕೆ ಜಗ್ಗದಂತೆ ಬಲಿಯುತ್ತದೆ. ಔಷಧಕ್ಕೆ ಜಗ್ಗದ ಇಂಥ ಬ್ಯಾಕ್ಟೀರಿಯಾಗಳಿಂದ 2019ರ ಒಂದೇ ವರ್ಷದಲ್ಲಿ ಜಗತ್ತಿನಲ್ಲಿ ಸುಮಾರು 12.7 ಲಕ್ಷ ಜನರು ಸತ್ತರೆಂದು ತಜ್ಞರು ಅಂದಾಜಿಸಿದ್ದಾರೆ. ಈ ಕಾಯುವಿಕೆಯನ್ನು ಒಂದು ದಿನ ಕಡಿಮೆ ಮಾಡುವ ಯಂತ್ರವೂ ಅಲ್ಲಾಹನ ದೊಡ್ಡ ಅನುಗ್ರಹವೇ.

ಅಂಥ ಯಂತ್ರ ಇದೆಯೇ? ಇದೆ. ದೊಡ್ಡ ಪ್ರಯೋಗಾಲಯಗಳಲ್ಲಿ ಅದನ್ನು ಮಾಲ್ಡಿ-ಟಾಫ್ ಎನ್ನುತ್ತಾರೆ. ಬೆಳೆದ ಬ್ಯಾಕ್ಟೀರಿಯಾವನ್ನು ಒಂದಿಷ್ಟು ತೆಗೆದು ಲೋಹದ ತಟ್ಟೆಗೆ ಸವರಿ, ಅದರ ಮೇಲೆ ಒಂದು ರಾಸಾಯನಿಕ ಹಾಕಿ, ಲೇಸರ್ ಬೆಳಕು ಬಿಡುತ್ತಾರೆ. ಆಗ ಬ್ಯಾಕ್ಟೀರಿಯಾದ ಪ್ರೋಟೀನುಗಳು ಮೇಲೆದ್ದು ಗಾಳಿಯಿಲ್ಲದ ಕೊಳವೆಯಲ್ಲಿ ಹಾರುತ್ತವೆ. ಹಗುರವಾದದ್ದು ಮೊದಲು ತಲುಪುತ್ತದೆ, ಭಾರವಾದದ್ದು ಆಮೇಲೆ. ಆ ಲೆಕ್ಕದಿಂದ ಪ್ರತಿ ಜಾತಿಗೂ ಒಂದು ಬೆರಳಚ್ಚಿನಂಥ ಗುರುತು ಸಿಗುತ್ತದೆ. ಕಂಪ್ಯೂಟರು ಅದನ್ನು ತನ್ನಲ್ಲಿರುವ ಗುರುತುಗಳೊಂದಿಗೆ ಹೋಲಿಸಿ ಹೆಸರು ಹೇಳುತ್ತದೆ.

ಇಪ್ಪತ್ತಾರು ವರ್ಷಗಳ ಸಬ್ರ್

ಈಗ ಇದರ ಇತಿಹಾಸ ಕೇಳಿ. ಜಪಾನಿನ ಶಿಮಾಡ್ಝು ಕಂಪನಿಯ ಎಂಜಿನಿಯರ್ ಕೊಯಿಚಿ ತನಾಕಾ ಅವರು ಲೇಸರ್‌ನಿಂದ ದೊಡ್ಡ ಪ್ರೋಟೀನುಗಳನ್ನು ಹೀಗೆ ಹಾರಿಸಬಹುದೆಂದು ತೋರಿಸಿದ್ದು 1987ರಲ್ಲಿ. ಅದೇ ಕಾಲದಲ್ಲಿ ಜರ್ಮನಿಯ ಹಿಲೆನ್‌ಕಾಂಪ್ ಮತ್ತು ಕರಾಸ್ ಎಂಬ ವಿಜ್ಞಾನಿಗಳು ಈ ವಿಧಾನವನ್ನು ಬೆಳೆಸಿದರು. ತನಾಕಾರಿಗೆ ನೊಬೆಲ್ ಪ್ರಶಸ್ತಿ ಬಂದದ್ದು 2002ರಲ್ಲಿ. ರೋಗಿಗಳ ಬ್ಯಾಕ್ಟೀರಿಯಾ ಗುರುತಿಸಲು ಈ ಯಂತ್ರಕ್ಕೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ ಅನುಮತಿ ಕೊಟ್ಟದ್ದು 2013ರಲ್ಲಿ. ಮೊದಲ ಪ್ರಯೋಗದಿಂದ ಈ ಅನುಮತಿಗೆ 26 ವರ್ಷ! ಅಷ್ಟೂ ಕಾಲ ಹಣ ಹಾಕಿ ಕಾದವರು ದೊಡ್ಡ ಕಂಪನಿಗಳು.

ನಮ್ಮ ದೇಶದ ಸರ್ ಸಿ.ವಿ. ರಾಮನ್ ಅವರು ಬೆಳಕು ಚದುರುವ ಬಗೆಯ ರಹಸ್ಯ ಕಂಡುಹಿಡಿದದ್ದು 1928ರಲ್ಲಿ. 1933ರಿಂದ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದರು. ಅವರ ಹೆಸರಿನ ಅದೇ ವಿಧಾನದಿಂದ, ಲೇಸರ್ ಬಳಸಿ ಬ್ಯಾಕ್ಟೀರಿಯಾವನ್ನು ಬೆಳೆಸದೆಯೇ ಗುರುತಿಸಲು ಜಗತ್ತಿನ ಹಲವು ಪ್ರಯೋಗಾಲಯಗಳು ಇಂದಿಗೂ ಶ್ರಮಿಸುತ್ತಿವೆ. ಹೀಗಿರುವಾಗ ಆರು ತಿಂಗಳಲ್ಲಿ ಹತ್ತು ಪಟ್ಟು ಎಂದು ಹೇಳುವವನು ವಿಜ್ಞಾನದ ಮಾತಾಡುತ್ತಿದ್ದಾನೋ, ಜೂಜಿನ ಮಾತಾಡುತ್ತಿದ್ದಾನೋ? ನಾವೇ ಯೋಚಿಸಬೇಕು.

ಒದ್ದೆ ಧಾನ್ಯದ ಪಾಠ

ಒಮ್ಮೆ ಪ್ರವಾದಿ(ಸ) ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಂದರ ಬಳಿ ಹಾದುಹೋದರು. ಮೇಲಿನಿಂದ ಧಾನ್ಯ ಚೆನ್ನಾಗಿಯೇ ಕಾಣುತ್ತಿತ್ತು. ಅವರು ರಾಶಿಯೊಳಗೆ ಕೈ ಹಾಕಿದರು. ಬೆರಳಿಗೆ ಒದ್ದೆ ತಾಗಿತು. ಇದೇನೆಂದು ವ್ಯಾಪಾರಿಯನ್ನು ಕೇಳಿದರು. ಮಳೆಗೆ ನೆನೆಯಿತು ಎಂದು ಆತ ಹೇಳಿದ. ಹಾಗಾದರೆ ಜನರಿಗೆ ಕಾಣುವಂತೆ ಒದ್ದೆ ಭಾಗವನ್ನು ಮೇಲೆ ಯಾಕೆ ಇಡಲಿಲ್ಲ ಎಂದು ಕೇಳಿ, ವಂಚಿಸುವವನು ನಮ್ಮವನಲ್ಲ ಎಂಬ ಕಠಿಣ ಎಚ್ಚರಿಕೆ ಕೊಟ್ಟರು. ಸಹೀಹ್ ಮುಸ್ಲಿಮ್‌ನಲ್ಲಿ ಈ ಘಟನೆ ಇದೆ.

ಸಹೋದರರೇ, ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಿ. ಆ ವ್ಯಾಪಾರಿ ಬಾಯಿಂದ ಸುಳ್ಳು ಹೇಳಿರಲಿಲ್ಲ. ಮೇಲಿದ್ದದ್ದು ನಿಜವಾಗಿ ಒಣ ಧಾನ್ಯವೇ. ಆದರೆ ಕೆಳಗಿದ್ದದ್ದನ್ನು ಮುಚ್ಚಿಟ್ಟಿದ್ದ. ಈಗಿನ ಜಾಹೀರಾತುಗಳೂ ಹೆಚ್ಚಾಗಿ ಹೀಗೆಯೇ ಇರುತ್ತವೆ.

"ನಿಮಿಷಗಳಲ್ಲಿ ಪತ್ತೆ" ಎನ್ನುತ್ತಾರೆ. ಅದು ಸುಳ್ಳಲ್ಲದಿರಬಹುದು. ಆದರೆ ಮಾಲ್ಡಿ-ಟಾಫ್‌ನಲ್ಲೂ ಸಾಮಾನ್ಯವಾಗಿ ಬ್ಯಾಕ್ಟೀರಿಯಾವನ್ನು ಮೊದಲು ಒಂದು ರಾತ್ರಿಯಾದರೂ ಬೆಳೆಸಬೇಕು. ಆ ನಿಮಿಷಗಳು ಶುರುವಾಗುವುದೇ ಅದರ ನಂತರ. ಜಾತಿ ಗೊತ್ತಾದ ಮಾತ್ರಕ್ಕೆ ಯಾವ ಔಷಧ ಕೆಲಸ ಮಾಡುತ್ತದೆಂದು ಗೊತ್ತಾಗುವುದಿಲ್ಲ. ಅದಕ್ಕೆ ಬೇರೆ ಪರೀಕ್ಷೆ ಬೇಕು. ಇನ್ನು ಕೆಲವು ಕಂಪನಿಗಳು ಶುದ್ಧ ನೀರಿನಲ್ಲಿ ಒಂದೇ ಜಾತಿಯ ಬ್ಯಾಕ್ಟೀರಿಯಾ ಹಾಕಿ, ಲೇಸರ್ ಬೆಳಕು ಹೇಗೆ ಚದುರುತ್ತದೆಂದು ನೋಡಿ ಗುರುತಿಸಿ ತೋರಿಸುತ್ತವೆ. ರೋಗಿಯ ರಕ್ತದಲ್ಲಿ ರಕ್ತಕಣಗಳಿರುತ್ತವೆ, ಕಫದಲ್ಲಿ ಹತ್ತಾರು ಜಾತಿ ಬೆರೆತಿರುತ್ತವೆ. ಅಲ್ಲಿ ಅದೇ ಫಲಿತಾಂಶ ಬರುತ್ತದೆಯೇ? ಆಹಾರ ಅಥವಾ ನೀರಿನ ಪರೀಕ್ಷೆಗೆ ಸಿಕ್ಕ ಪ್ರಮಾಣಪತ್ರ ರೋಗಿಗಳ ಪರೀಕ್ಷೆಗೆ ಸಿಕ್ಕ ಅನುಮತಿಯಲ್ಲ. ಪೇಟೆಂಟ್ ಸಿಕ್ಕಿದೆ ಎಂದರೆ ಆ ಯೋಚನೆ ಹೊಸದು ಎಂದಷ್ಟೇ ಅರ್ಥ; ಯಂತ್ರ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತದೆ ಎಂದಲ್ಲ. ಇವೆಲ್ಲ ರಾಶಿಯ ಕೆಳಗಿನ ಧಾನ್ಯ. ಕೈ ಹಾಕದೆ ತಿಳಿಯುವುದಿಲ್ಲ.

ಮೂರು ಬಗೆಯ ಅಂತ್ಯ

ಇಂಥ ಕಂಪನಿಗಳ ಕಥೆ ಮೂರು ಬಗೆಯಲ್ಲಿ ಮುಗಿಯುತ್ತದೆ. ಒಂದು, ಮೇಲೆ ಹೇಳಿದ ಯಶಸ್ಸು. ಎರಡನೆಯದು, ಕೆಲಸ ಸತ್ಯ, ಆದರೂ ನಷ್ಟ. ಅಮೆರಿಕದ ಅಕ್ಸೆಲರೇಟ್ ಡಯಾಗ್ನಾಸ್ಟಿಕ್ಸ್ ಎಂಬ ಕಂಪನಿಯ ಯಂತ್ರವು ರಕ್ತದ ಕಲ್ಚರ್‌ನಲ್ಲಿ ಬ್ಯಾಕ್ಟೀರಿಯಾ ಕಂಡುಬಂದ ಬಳಿಕ ಯಾವ ಔಷಧ ಕೆಲಸ ಮಾಡುತ್ತದೆಂದು ಸುಮಾರು ಏಳು ಗಂಟೆಗಳಲ್ಲಿ ಹೇಳುತ್ತಿತ್ತು. 2017ರಲ್ಲಿ ಎಫ್‌ಡಿಎ ಅನುಮತಿಯೂ ಸಿಕ್ಕಿತು. ಆದರೂ 2025ರಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಬೇಕಾಯಿತು. ಯಂತ್ರ ಒಳ್ಳೆಯದಿದ್ದರೆ ಸಾಲದು; ಆಸ್ಪತ್ರೆಗಳು ಕೊಳ್ಳಬೇಕು, ಖರ್ಚಿಗಿಂತ ಹುಟ್ಟುವಳಿ ಹೆಚ್ಚಬೇಕು. ಇದರಲ್ಲಿ ಯಾರದೂ ಪಾಪವಿಲ್ಲ. ವ್ಯಾಪಾರವೆಂದರೆ ಹೀಗೆಯೇ. ಆದರೆ ಹಣ ಹಾಕಿದವನು ಈ ಸಾಧ್ಯತೆಗೆ ಸಿದ್ಧನಿರಬೇಕು.

ಮೂರನೆಯದು ಮೋಸ. ಲೇಸರ್ ಅಲ್ಲ, ರಕ್ತ ಪರೀಕ್ಷೆಯ ಇನ್ನೊಂದು ಕಂಪನಿಯ ಉದಾಹರಣೆ ಇದು. ಅಮೆರಿಕದ ಥೆರಾನೋಸ್ ಕಂಪನಿಯನ್ನು 2003ರಲ್ಲಿ ಎಲಿಜಬೆತ್ ಹೋಮ್ಸ್ ಎಂಬಾಕೆ ಆರಂಭಿಸಿದರು. ಬೆರಳಿನಿಂದ ತೆಗೆದ ಕೆಲವು ಹನಿ ರಕ್ತದಲ್ಲಿ ನೂರಾರು ಪರೀಕ್ಷೆ ಮಾಡುತ್ತೇವೆಂದು ಹೇಳಿ 70 ಕೋಟಿ ಡಾಲರಿಗೂ ಹೆಚ್ಚು ಹಣ ಎತ್ತಿದರು. ಆಡಳಿತ ಮಂಡಳಿಯಲ್ಲಿ ಹೆನ್ರಿ ಕಿಸಿಂಜರ್, ಜಾರ್ಜ್ ಶುಲ್ಟ್ಝ್‌ರಂಥ ಮಾಜಿ ಸಚಿವರು. ಹಣ ಹಾಕಿದವರಲ್ಲಿ ರೂಪರ್ಟ್ ಮರ್ಡೋಕ್‌ರಂಥ ಕೋಟ್ಯಧೀಶರು. ದೊಡ್ಡವರಿದ್ದಾರಲ್ಲ ಎಂದು ಒಬ್ಬರನ್ನು ನೋಡಿ ಇನ್ನೊಬ್ಬರು ನಂಬಿದರು. 2015ರಲ್ಲಿ ಪತ್ರಿಕೆಯೊಂದು ಪ್ರಶ್ನಿಸಿದಾಗ ಗುಟ್ಟು ರಟ್ಟಾಗತೊಡಗಿತು. ಹೆಚ್ಚಿನ ಪರೀಕ್ಷೆಗಳನ್ನು ಬೇರೆ ಕಂಪನಿಗಳ ಯಂತ್ರಗಳಲ್ಲಿ ಮಾಡಲಾಗುತ್ತಿತ್ತು. ಸಾವಿರಾರು ರೋಗಿಗಳ ವರದಿಗಳನ್ನು ರದ್ದು ಮಾಡಬೇಕಾಯಿತು. 2018ರಲ್ಲಿ ಕಂಪನಿ ಮುಚ್ಚಿತು. 2022ರಲ್ಲಿ, ಹೂಡಿಕೆದಾರರನ್ನು ವಂಚಿಸಿದ ಅಪರಾಧಕ್ಕೆ ಹೋಮ್ಸ್‌ಗೆ 11 ವರ್ಷಕ್ಕೂ ಹೆಚ್ಚಿನ ಜೈಲು ಶಿಕ್ಷೆಯಾಯಿತು.

ಅಮೆರಿಕದಷ್ಟು ದೂರ ಯಾಕೆ ಹೋಗಬೇಕು? 2019ರ ಜೂನ್‌ನಲ್ಲಿ ಬೆಂಗಳೂರಿನಲ್ಲಿ ಐಎಂಎ ಕುಸಿದಾಗ ನಮ್ಮ ಸಮುದಾಯದ ಎಷ್ಟು ಮನೆಗಳಲ್ಲಿ ಒಲೆ ಆರಿತು! ಹತ್ತಾರು ಸಾವಿರ ಜನ ಹಣ ಇಟ್ಟಿದ್ದರು. ಮಗಳ ಮದುವೆಗೆ ಇಟ್ಟದ್ದು, ಹಜ್‌ಗೆ ಕೂಡಿಸಿದ್ದು, ನಿವೃತ್ತಿಯಾದಾಗ ಬಂದದ್ದು. ಹಲಾಲ್ ಎಂಬ ಒಂದು ಪದ ಕೇಳಿ ಜನರು ಲೆಕ್ಕ ಕೇಳುವುದನ್ನು ಬಿಟ್ಟಿದ್ದರು. ಸಹೋದರರೇ, ಹಲಾಲ್ ಎಂಬುದು ಲೆಕ್ಕ ಕೇಳುವುದನ್ನು ನಿಲ್ಲಿಸುವ ಪದವಲ್ಲ. ಲೆಕ್ಕ ಕೇಳಲು ನಮ್ಮನ್ನು ಬಾಧ್ಯಗೊಳಿಸುವ ಪದ.

ಶರೀಅತ್ ಏನು ಹೇಳುತ್ತದೆ?

ಶೇರು ಎಂದರೆ ಕಂಪನಿಯ ಮಾಲಕತ್ವದಲ್ಲಿ ಒಂದು ಪಾಲು. ಪಾಲುದಾರಿಕೆ ಇಸ್ಲಾಮಿನಲ್ಲಿ ಹಲಾಲ್. ಪ್ರವಾದಿತ್ವಕ್ಕೆ ಮುನ್ನ ನಮ್ಮ ಪ್ರವಾದಿ(ಸ) ಹಝ್ರತ್ ಖದೀಜಾ(ರ)ರ ಬಂಡವಾಳದೊಂದಿಗೆ ಸಿರಿಯಾಕ್ಕೆ ವ್ಯಾಪಾರಕ್ಕೆ ಹೋಗಿದ್ದರು. ಒಬ್ಬರ ಹಣ, ಇನ್ನೊಬ್ಬರ ಶ್ರಮ, ಲಾಭದಲ್ಲಿ ಪಾಲು. ಆದರೆ ನಷ್ಟದ ಹೊಣೆ ಹೊರುವವನಿಗೇ ಲಾಭದ ಹಕ್ಕು ಎಂಬುದು ನಮ್ಮ ಫುಕಹಾಗಳ ಮೂಲ ನಿಯಮ. ಆದ್ದರಿಂದ ತಿಂಗಳಿಗೆ ಇಷ್ಟು ಖಚಿತ, ಅಸಲಿಗೂ ಗ್ಯಾರಂಟಿ ಎಂದು ಯಾರಾದರೂ ಹೇಳಿದರೆ ಅದು ಪಾಲುದಾರಿಕೆಯಲ್ಲ. ಒಂದೋ ಬಡ್ಡಿ, ಇಲ್ಲವೇ ಮೋಸ.

ವಸ್ತು ಏನೆಂದೇ ಸ್ಪಷ್ಟವಿಲ್ಲದ ವ್ಯವಹಾರವನ್ನು, ಅಂದರೆ ಗರರ್ ಇರುವ ವ್ಯಾಪಾರವನ್ನು ಪ್ರವಾದಿ(ಸ) ನಿಷೇಧಿಸಿದರು. ಜೂಜನ್ನು ಸೂರಃ ಅಲ್ ಮಾಇದಾದಲ್ಲಿ ಮದ್ಯದ ಜೊತೆಗೇ ಶೈತಾನನ ಕೆಲಸವೆಂದು ಎಣಿಸಲಾಗಿದೆ. ಕಂಪನಿ ಏನು ಮಾಡುತ್ತದೆಂದು ತಿಳಿಯದೆ, ಬೆಲೆ ಏರುತ್ತದೆಂಬ ಒಂದೇ ಆಸೆಯಿಂದ ಕೊಂಡು, ನಾಳೆ ಇನ್ನೊಬ್ಬನ ತಲೆಗೆ ಕಟ್ಟುವ ಯೋಚನೆ ಮಾಡಿದರೆ, ಕಾಗದದ ಮೇಲೆ ಅದು ಶೇರು, ಮನಸ್ಸಿನಲ್ಲಿ ಜೂಜು. ಕೆಲವು ವಂಚಕರು ಅಗ್ಗದ ಶೇರುಗಳನ್ನು ಮೊದಲೇ ಕೊಂಡಿಟ್ಟು, ಸಂದೇಶ ಹರಡಿ ಬೆಲೆ ಏರಿಸಿ, ಜನ ಕೊಳ್ಳುವಾಗ ತಾವು ಮಾರಿ ಹೊರಡುತ್ತಾರೆ. ಸುದ್ದಿ ತಂದವನ ಮಾತನ್ನು ಪರಿಶೀಲಿಸದೆ ನಂಬಬಾರದೆಂದು ಸೂರಃ ಅಲ್ ಹುಜುರಾತ್ ಕಲಿಸುತ್ತದೆ. ಸಂದೇಶವನ್ನು ನಾಲ್ಕು ಗುಂಪುಗಳಿಗೆ ಕಳುಹಿಸುವವನಿಗೂ ಈ ಪಾಠ ಅನ್ವಯಿಸುತ್ತದೆ.

ಇನ್ನು ಸಾಲದ ವಿಷಯ. ಉತ್ಪನ್ನ ಮಾರುಕಟ್ಟೆಗೆ ಬರುವವರೆಗೆ ಅನೇಕ ಸಣ್ಣ ಕಂಪನಿಗಳು ಬಡ್ಡಿ ಸಾಲದಿಂದಲೇ ದಿನ ದೂಡುತ್ತವೆ. ಬಹ್ರೈನ್‌ನಲ್ಲಿರುವ ಆಯೋಫಿ ಎಂಬ ವಿದ್ವಾಂಸರ ಸಂಸ್ಥೆಯ 21ನೇ ಮಾನದಂಡದ ಪ್ರಕಾರ ಕಂಪನಿಯ ಬಡ್ಡಿ ಸಾಲವು ಅದರ ಮಾರುಕಟ್ಟೆ ಮೌಲ್ಯದ ಶೇ. 30ನ್ನು ಮೀರಬಾರದು, ನಿಷಿದ್ಧ ಆದಾಯ ಒಟ್ಟು ಆದಾಯದ ಶೇ. 5ರೊಳಗಿರಬೇಕು, ಆ ಅಂಶವನ್ನೂ ನಾವು ಬಳಸದೆ ದಾನ ಕೊಡಬೇಕು. ವೈದ್ಯಕೀಯ ಕಂಪನಿ ಎಂದ ಮಾತ್ರಕ್ಕೆ ಈ ಲೆಕ್ಕದಿಂದ ವಿನಾಯಿತಿ ಇಲ್ಲ. ಕೈಯಲ್ಲಿ ನಗದು ಬಿಟ್ಟು ಬೇರೇನೂ ಇಲ್ಲದ ಕಂಪನಿಯ ಶೇರು ಕೊಳ್ಳುವ ಬಗ್ಗೆ ವಿದ್ವಾಂಸರಲ್ಲಿ ಬೇರೆ ಚರ್ಚೆಯೂ ಇದೆ. ಆದ್ದರಿಂದ ಹಣ ಹಾಕುವ ಮುನ್ನ, ಕಂಪನಿಯ ಲೆಕ್ಕಪತ್ರದೊಂದಿಗೆ, ಈ ವಿಷಯ ಬಲ್ಲ ಮುಫ್ತಿಗಳನ್ನು ಕೇಳಿ. ಹಾಕಿದ ಮೇಲೆ ಝಕಾತ್‌ನ ಲೆಕ್ಕವನ್ನೂ ಮರೆಯಬೇಡಿ. ಮಾರುವ ಉದ್ದೇಶದಿಂದ ಕೊಂಡ ಶೇರಿಗೆ ಅಂದಿನ ಮಾರುಕಟ್ಟೆ ಬೆಲೆಯ ಶೇ. 2.5 ಝಕಾತ್ ಇದೆ.

ಕೈ ಹಾಕುವುದು ಹೇಗೆ?

ವ್ಯಾಪಾರದಲ್ಲಿ ಪದೇ ಪದೇ ಮೋಸ ಹೋಗುತ್ತಿದ್ದ ಒಬ್ಬ ಸಹಾಬಿಗೆ, ಕೊಳ್ಳುವಾಗಲೇ ಮೋಸವಿರಬಾರದೆಂಬ ಷರತ್ತು ಹೇಳಿಬಿಡು ಎಂದು ಪ್ರವಾದಿ(ಸ) ಕಲಿಸಿದರು. ಕೇಳುವುದು ಸಂಶಯಬುದ್ಧಿಯಲ್ಲ, ಸುನ್ನತ್ ಕಲಿಸಿದ ಎಚ್ಚರ. ಆದ್ದರಿಂದ ಇವಿಷ್ಟನ್ನು ಮಾಡಿ.

ಒಂದು, ಸಲಹೆ ಕೊಟ್ಟವನು ಸೆಬಿಯಲ್ಲಿ ನೋಂದಾಯಿತನೇ ಎಂದು ಸೆಬಿಯ ಜಾಲತಾಣದಲ್ಲಿ ನೋಡಿ. ಎರಡು, ಯಂತ್ರಕ್ಕೆ ಅನುಮತಿ ಇದೆ ಎಂದರೆ ಯಾವುದಕ್ಕೆ, ಯಾವ ದೇಶದಲ್ಲಿ ಎಂದು ಕೇಳಿ. ಅಮೆರಿಕದ ಎಫ್‌ಡಿಎ ತನ್ನ ಅನುಮತಿಗಳ ಪಟ್ಟಿಯನ್ನು ಸಾರ್ವಜನಿಕವಾಗಿ ಇಟ್ಟಿದೆ. ನಮ್ಮ ದೇಶದಲ್ಲಿ ಇಂಥ ಸಾಧನಗಳು 2017ರ ವೈದ್ಯಕೀಯ ಸಾಧನಗಳ ನಿಯಮಗಳಡಿ ಬರುತ್ತವೆ. ಮೂರು, ವಾರ್ಷಿಕ ವರದಿ ಓದಿ. ಓದಲು ಬಾರದಿದ್ದರೆ ನಮ್ಮ ಜಮಾಅತಿನಲ್ಲೇ ಇರುವ ವಾಣಿಜ್ಯ ಓದಿದ ಮಕ್ಕಳಿಂದ ಓದಿಸಿ. ಕಂಪನಿ ಮುಂದುವರಿಯುವ ಬಗ್ಗೆಯೇ ಗಂಭೀರ ಸಂಶಯವಿದೆ ಎಂದು ಲೆಕ್ಕಪರಿಶೋಧಕರು ಬರೆದಿದ್ದರೆ, ಅದೇ ಒದ್ದೆ ಧಾನ್ಯ. ವರ್ಷ ವರ್ಷ ಹೊಸ ಶೇರು ಹಂಚುತ್ತಾ ಹೋಗಿದ್ದರೆ ನಮ್ಮ ಪಾಲು ಕರಗುತ್ತದೆ ಎಂದೂ ತಿಳಿಯಿರಿ. ನಾಲ್ಕು, ಹಣ ಕಾನೂನಿನ ದಾರಿಯಲ್ಲೇ ಹೋಗಲಿ. ವಿದೇಶಿ ಶೇರು ಕೊಳ್ಳಲು ರಿಸರ್ವ್ ಬ್ಯಾಂಕ್ ಭಾರತದ ನಿವಾಸಿಗೆ ವರ್ಷಕ್ಕೆ 2,50,000 ಡಾಲರ್‌ವರೆಗೆ ಬ್ಯಾಂಕಿನ ಮೂಲಕ ಕಳುಹಿಸಲು ಅವಕಾಶ ಕೊಟ್ಟಿದೆ. ಯಾರದೋ ಸ್ವಂತ ಖಾತೆಗೆ ಹಾಕಿ ಎಂದರೆ ಅಲ್ಲಿಗೇ ಮಾತು ನಿಲ್ಲಿಸಿ. ಐದು, ಏನೇ ಕೊಟ್ಟರೂ ಬರಹದಲ್ಲಿರಲಿ. ವ್ಯವಹಾರವನ್ನು ಬರೆದಿಡಬೇಕೆಂದು ಹೇಳುವ ಸೂಕ್ತ ಕುರ್‌ಆನಿನ ಅತ್ಯಂತ ದೀರ್ಘ ಸೂಕ್ತ ಎಂಬುದನ್ನು ನೆನಪಿಡಿ.

ಯಾರ ಹಣ?

ಕೊನೆಯ ಮಾತು ಎಲ್ಲಕ್ಕಿಂತ ಮುಖ್ಯ. ಹಾಕುವ ಹಣ ಯಾರದು? ಹಝ್ರತ್ ಸಅದ್ ಬಿನ್ ಅಬೀ ವಕ್ಕಾಸ್(ರ) ತಮ್ಮ ಸಂಪತ್ತನ್ನು ದಾನವಾಗಿ ಬರೆದುಕೊಡಲು ಬಯಸಿದಾಗ ಪ್ರವಾದಿ(ಸ) ಮೂರನೇ ಒಂದಕ್ಕಿಂತ ಹೆಚ್ಚು ಬೇಡವೆಂದರು. ವಾರಸುದಾರರು ಜನರ ಮುಂದೆ ಕೈ ಚಾಚುವಂತಾಗಬಾರದೆಂದರು. ಅಲ್ಲಾಹನ ಮಾರ್ಗದ ದಾನಕ್ಕೇ ಮಿತಿ ಇದ್ದರೆ ಅಪಾಯದ ಹೂಡಿಕೆಗೆ ಇಲ್ಲವೇ? ಕಳೆದುಹೋದರೂ ಮನೆಯ ಅನ್ನಕ್ಕೆ, ಮಕ್ಕಳ ಶುಲ್ಕಕ್ಕೆ, ತಾಯಿಯ ಔಷಧಕ್ಕೆ ಕೊರತೆಯಾಗದ ಹಣವನ್ನು ಮಾತ್ರ ಹಾಕಿ. ಸಾಲ ಮಾಡಿ ಹಾಕಬೇಡಿ. ಪತ್ನಿಯ ಬಂಗಾರ ಅವಳ ಸೊತ್ತು. ಅವಳನ್ನು ಒತ್ತಾಯಿಸಿ ಅಡವಿಟ್ಟು ಹಾಕಬೇಡಿ. ಅನಾಥರ ಹಣ, ಮಸೀದಿಯ ಹಣ, ತಮ್ಮಂದಿರು ನಂಬಿ ಕಳುಹಿಸಿದ ಹಣ ಅಮಾನತ್. ಅದಕ್ಕೆ ಕೈ ಹಾಕುವ ಹಕ್ಕು ನಮಗಿಲ್ಲ. ಮನೆಯವರಿಗೆ ಹೇಳದೆ ಗುಟ್ಟಾಗಿ ಹಾಕುವ ಹೂಡಿಕೆಯಲ್ಲಿ ಬರಕತ್ ಹುಡುಕಬೇಡಿ.

ರೋಗಿಗಳ ಸೇವೆಯ ಸವಾಬು ಬೇಕಾದರೆ ಅದಕ್ಕೆ ನೇರ ದಾರಿ ಇದೆ. ನಮ್ಮ ನೆರೆಯಲ್ಲೇ ಕಲ್ಚರ್ ಪರೀಕ್ಷೆಯ ಹಣಕ್ಕೆ ಪರದಾಡುವ ಮನೆಗಳಿವೆ; ಅವರ ಚೀಟಿಯ ಹಣ ಕೊಡಿ, ಅದು ಸದಕಾ. ವೈದ್ಯರು ಬರೆಯದ ಆ್ಯಂಟಿಬಯಾಟಿಕನ್ನು ಅಂಗಡಿಯಿಂದ ತಂದು ನುಂಗಬೇಡಿ, ಬರೆದದ್ದನ್ನು ಅರ್ಧಕ್ಕೆ ಬಿಡಬೇಡಿ. ಅದೂ ಜೀವ ಉಳಿಸುವ ಕೆಲಸ. ನಮ್ಮ ಮಕ್ಕಳು ಸೂಕ್ಷ್ಮಜೀವಿ ವಿಜ್ಞಾನ, ಭೌತವಿಜ್ಞಾನ ಓದಲು ಬಯಸಿದರೆ ಅವರ ಓದಿಗೆ ಬಂಡವಾಳ ಹಾಕಿ. ದಾನವನ್ನು ದಾನವಾಗಿ ಮಾಡೋಣ, ವ್ಯಾಪಾರವನ್ನು ಕಣ್ಣು ತೆರೆದು ವ್ಯಾಪಾರವಾಗಿ ಮಾಡೋಣ. ಎರಡನ್ನೂ ಬೆರೆಸಿ ಮಾರುವವರಿಂದ ದೂರವಿರೋಣ.

ಓ ಅಲ್ಲಾಹ್, ನಮಗೆ ಹಲಾಲಾದ ಆಹಾರವನ್ನೂ ಉಪಕಾರವಾಗುವ ಜ್ಞಾನವನ್ನೂ ಕೊಡು. ನಮ್ಮ ರೋಗಿಗಳಿಗೆ ಶಿಫಾ ಕೊಡು. ಅವರಿಗಾಗಿ ಶ್ರಮಿಸುವ ವೈದ್ಯರು ಮತ್ತು ವಿಜ್ಞಾನಿಗಳ ಕೈಗೆ ಬಲ ಕೊಡು. ವಂಚಿಸುವವರಿಂದಲೂ ವಂಚಕರಾಗುವುದರಿಂದಲೂ ನಮ್ಮನ್ನು ಕಾಪಾಡು. ಹಣ ಕಳೆದುಕೊಂಡ ಕುಟುಂಬಗಳಿಗೆ ನಿನ್ನ ಭಂಡಾರದಿಂದ ಬದಲು ಕೊಡು. ಆಮೀನ್.